ಹೆಸರಿಲ್ಲದ ಫ್ರೆಂಚ್ ಟೂರಿಂಗ್ ಸೈಕಲ್: ಕೊಂಡು, ಗುರುತು ಹಿಡಿದು, ವರ್ಷಗಟ್ಟಲೆ ತುಳಿದ ಮೇಲೆ

ಹಳೆಯ ಫ್ರೆಂಚ್ ಕೈಕೆಲಸದ ಸೈಕಲ್ ಹುಡುಕುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಸ್ಟಿಕ್ಕರ್‌ಗೆ ದುಡ್ಡು ಕೊಡಬೇಡಿ, ಬೆಸುಗೆಗೆ ಕೊಡಿ.

ನಾನಿರುವುದು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ. ಸೈಕಲ್ ಸಿಕ್ಕಿದ್ದು ಪಕ್ಕದ ದ್ರೋಮ್ ಜಿಲ್ಲೆಯ ಹಳ್ಳಿಯೊಂದರ ಹಳೇ ಕೊಟ್ಟಿಗೆಯಲ್ಲಿ. ಎಂದೋ ಯಾರೋ ಮತ್ತೆ ಬಣ್ಣ ಬಳಿದಿದ್ದರು. ಹೆಸರೂ ಇಲ್ಲ, ಮುಂದಿನ ಬಿಲ್ಲೆಯೂ ಇಲ್ಲ. ಮಾರುವವರು "ರೆನೆ ಎರ್ಸ್ ಇರಬೇಕು" ಅಂದರು. ಆ ಸೈಕಲ್ ತಯಾರಕನ ಹೆಸರಿಗೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಆದರೆ ಪ್ಯಾರಿಸ್ ಪಕ್ಕದ ಲೆವಲ್ವಾದಲ್ಲಿ ಕೆಲಸ ಮಾಡುತ್ತಿದ್ದ ಎರ್ಸ್ ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಹ್ಯಾಂಡಲ್ ಹಿಡಿಯುವ ಸ್ಟೆಮ್, ಬ್ರೇಕುಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ. ಇದರಲ್ಲಿ ಅವು ಒಂದೂ ಇರಲಿಲ್ಲ. ಕ್ರ್ಯಾಂಕ್ ಸ್ಯಾಂತ್-ಎತಿಯೆನ್‌ನ ಸ್ಟ್ರಾಂಗ್‌ಲೈಟ್ 49ಡಿ. ಹಾಗಾಗಿ ಹೆಸರಿಲ್ಲದ ಸೈಕಲ್ಲಿನ ಬೆಲೆಗೇ ಮಾತು ಮುಗಿಸಿ ತಂದೆ.

ಫ್ರೆಂಚ್ ಕೆಲಸವೇ ಹೌದೇ ಅಂತ ತಿಳಿಯಲು ಕೊಳವೆಯ ದಪ್ಪ ಅಳೆಯುವ ವರ್ನಿಯರ್ ಸಾಕು. ಸೀಟ್ ಟ್ಯೂಬ್ 28 ಮಿ.ಮೀ., ಮೇಲಿನ ಟ್ಯೂಬ್ 26. ಇಂಗ್ಲಿಷ್ ಅಳತೆಯದಾಗಿದ್ದರೆ 28.6 ಮತ್ತು 25.4 ಬರಬೇಕಿತ್ತು. ಕಾಲ ತಿಳಿಯಲು ಬಿಚ್ಚಿ ಬದಲಿಸಬಹುದಾದ ಭಾಗಗಳನ್ನು ನಂಬಬಾರದು, ಚೌಕಟ್ಟಿಗೇ ಬೆಸೆದದ್ದನ್ನು ನಂಬಬೇಕು. ಗೇರು ಬದಲಿಸುವ ಡೆರೈಲರ್ ಆಮೇಲೆ ಹಾಕಿದ ಸಿಂಪ್ಲೆಕ್ಸ್. ಆದರೆ ಚೈನ್ ಪಕ್ಕದ ಕೊಳವೆಯ ಕೆಳಗೆ, ಬಣ್ಣದಡಿ ಮುಚ್ಚಿಹೋದಂತೆ, ಎರಡು ಕೇಬಲ್ಲಿನಿಂದ ಎಳೆಯುವ ಹಳೆಯ 'ಸೈಕ್ಲೋ' ಡೆರೈಲರ್ ಕೂರಿಸುವ ಗುಬುಟು ಇದೆ. ಬ್ರೇಕಿಗೆ ಬೆಸೆದ ಗೂಟಗಳು ಎರಡನೇ ಮಹಾಯುದ್ಧದ ನಂತರದ ಮಫಾಕ್ ಕಂಪನಿಯ ಕ್ಯಾಂಟಿಲಿವರ್ ಬ್ರೇಕಿಗೆ ಸರಿಹೊಂದುತ್ತವೆ. ಎರಡನ್ನೂ ಸೇರಿಸಿ ನೋಡಿದರೆ 1940ರ ದಶಕದ ಕೊನೆ ಅಥವಾ 50ರ ಆರಂಭ ಎಂಬುದು ನನ್ನ ಅಂದಾಜು.

ಆ ಕಾಲಕ್ಕೆ ಇಂಥ ಸೈಕಲ್ಲಿಗೆ ಗಿರಾಕಿಗಳಿದ್ದರು. 1936ರಲ್ಲಿ ಫ್ರಾನ್ಸಿನ ಕೆಲಸಗಾರರಿಗೆ ಎರಡು ವಾರದ ಸಂಬಳಸಹಿತ ರಜೆ ಕಾನೂನಾಗಿ ಬಂತು. ಸೈಕಲ್ ಮೇಲೆ ಪ್ರವಾಸ ಹೋಗುವವರು ಹೆಚ್ಚಿದರು. ಅದಕ್ಕೂ ಎಷ್ಟೋ ಮೊದಲೇ ಸ್ಯಾಂತ್-ಎತಿಯೆನ್‌ನಲ್ಲಿ 'ವೆಲೋಸಿಯೊ' ಎಂಬ ಹೆಸರಲ್ಲಿ ಬರೆಯುತ್ತಿದ್ದ ಪಾಲ್ ದ ವಿವಿ, ಬೆಟ್ಟದೂರಿಗೆ ಗೇರು ಬೇಕೇ ಬೇಕು ಅಂತ ಜೀವಮಾನವಿಡೀ ವಾದಿಸಿದ್ದ.

ಮಾಡಿದವನು ಯಾರೇ ಆಗಲಿ, ಕೈ ಪಳಗಿದವನು. ಕೊಳವೆಗಳು ಕೂಡುವಲ್ಲಿ ಅವನ್ನು ಹಿಡಿದಿಡುವ ಲೋಹದ ತೋಳು, ಅಂದರೆ ಲಗ್, ಇಲ್ಲ. ಹಿತ್ತಾಳೆ ಬೆಸುಗೆಯನ್ನು ಅರದಿಂದ ಉಜ್ಜಿ, ಒಂದು ಕೊಳವೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಬೆರಳಿಗೂ ಗೊತ್ತಾಗದ ಹಾಗೆ ಮಾಡಿದ್ದಾನೆ. ದೀಪದ ವೈರು ಚೌಕಟ್ಟಿನ ಒಳಗೇ ಹೋಗುತ್ತದೆ. ಮುಂದಿನ ಪುಟ್ಟ ಕ್ಯಾರಿಯರ್ ಈ ಫೋರ್ಕಿಗೆಂದೇ ಮಾಡಿದ್ದು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದು ಸುತ್ತಲೂ ಒಂದೇ ಸಮ. ಸೈಕಲ್ಲಿಗೆ ಇವು ಆಮೇಲೆ ಸೇರಿಸಿದ ಸಾಮಾನಲ್ಲ, ಮೊದಲ ಗೆರೆ ಎಳೆಯುವಾಗಲೇ ಲೆಕ್ಕಕ್ಕೆ ತೆಗೆದುಕೊಂಡವು. ನನಗೆ ಇದರ ಮೇಲೆ ಇಷ್ಟು ಪ್ರೀತಿ ಹುಟ್ಟಿದ್ದೇ ಅದರಿಂದ.

ಓಡಿಸುವಾಗಲೂ ಅದೇ ಲೆಕ್ಕಾಚಾರ ಕಾಣುತ್ತದೆ. ಫೋರ್ಕು ಮುಂದಕ್ಕೆ ಚೆನ್ನಾಗಿ ಬಾಗಿದೆ. ಹ್ಯಾಂಡಲ್ ಬ್ಯಾಗಿನಲ್ಲಿ ಮಳೆಕೋಟು, ಊಟ, ಕ್ಯಾಮೆರಾ ತುಂಬಿದರೂ ಮುಂಚಕ್ರ ಅತ್ತಿತ್ತ ಎಳೆಯುವುದಿಲ್ಲ. ಬ್ಯಾಗು ತೆಗೆದು ಹೊರಟರೆ ಮಾತ್ರ ಹ್ಯಾಂಡಲ್ ತೀರಾ ಹಗುರ ಅನ್ನಿಸುತ್ತದೆ, ಖಾಲಿ ಓಡುವುದಕ್ಕೆ ಇದು ಹುಟ್ಟಿದ್ದಲ್ಲ. 1326 ಮೀಟರ್ ಎತ್ತರದ ಕೋಲ್ ದ ಪೋರ್ತ್ ಘಾಟಿಗೆ ಗ್ರೆನೋಬಲ್ ಕಡೆಯಿಂದ ನಿಧಾನಕ್ಕೆ ಹತ್ತುತ್ತದೆ. ಇಳಿಯುವಾಗ 650ಬಿ ಎಂಬ ಅಳತೆಯ ಅಗಲದ ಟೈರು ಹಾಳು ರಸ್ತೆಯ ನಡುಕವನ್ನು ಕೈಗೆ ಬಿಡುವುದೇ ಇಲ್ಲ. ಟೈರಿನ ಚಿಂತೆ ಬೇಡ: ಈಗಿನ ಮೌಂಟೇನ್ ಬೈಕುಗಳ 27.5 ಇಂಚಿನ ರಿಮ್ಮಿಗೂ ಇದಕ್ಕೂ ಅದೇ 584 ಮಿ.ಮೀ. ಅಳತೆ, ಅಗಲ ನೋಡಿ ಕೊಂಡರಾಯಿತು.

ಚಿಂತೆ ಇರುವುದು ಥ್ರೆಡ್‌ಗಳದು, ಅಂದರೆ ತಿರುಪಿನ ಗೆರೆಗಳದು. ಫ್ರೆಂಚ್ ಬಿ.ಬಿ. (ಬಾಟಮ್ ಬ್ರಾಕೆಟ್, ಕ್ರ್ಯಾಂಕಿನ ಅಚ್ಚು ತಿರುಗುವ ಜಾಗ) ಕಪ್ 35 ಮಿ.ಮೀ., ಎರಡೂ ಕಡೆ ಬಲ ತಿರುವು. ಅದಕ್ಕೇ ಚೈನ್ ಕಡೆಯ ಕಪ್ ತುಳಿದಂತೆಲ್ಲ ಸಡಿಲವಾಗುತ್ತದೆ. ಗಟ್ಟಿಯಾಗಿ ಬಿಗಿದು ಆಗಾಗ ನೋಡುತ್ತಿರಬೇಕು. ಸ್ಟೆಮ್ 22.0 ಮಿ.ಮೀ.; ಸಾಮಾನ್ಯವಾಗಿ ಸಿಗುವ 22.2 ಅನ್ನು ಬಡಿದು ಇಳಿಸಲು ಹೋಗಬೇಡಿ. ಇಂಗ್ಲಿಷ್ ಫ್ರೀವೀಲ್ ಫ್ರೆಂಚ್ ಹಬ್ (ಚಕ್ರದ ನಡುವಿನ ಗುಂಬ) ಮೇಲೆ ಒಂದೆರಡು ಸುತ್ತು ಹತ್ತಿದಂತೆ ಕಂಡು ಥ್ರೆಡ್ ತಿಂದುಹಾಕುತ್ತದೆ. ಸ್ಟ್ರಾಂಗ್‌ಲೈಟ್ ಕ್ರ್ಯಾಂಕ್ ಬಿಚ್ಚಲು 23.35 ಮಿ.ಮೀ.ನ ಎಕ್ಸ್‌ಟ್ರ್ಯಾಕ್ಟರ್ ಬೇಕು, ಮಾಮೂಲಿ 22 ಅಲ್ಲ. ನಾನು ವಿಚಾರಿಸಿದ ಅಂಗಡಿಯೊಂದರಲ್ಲಿ ಆ ಉಪಕರಣ ಇರಲಿಲ್ಲ; ಸ್ವಂತದ್ದೊಂದು ಕೊಂಡಿಟ್ಟುಕೊಂಡೆ.

ಮಫಾಕ್ ಬ್ರೇಕು ಕಿರುಚುತ್ತದೆ ಅಂತ ಬೈಯುವವರಿದ್ದಾರೆ. ಹೊಸ ರಬ್ಬರು ಹಾಕಿ, ಅದರ ಮುಂದಿನ ತುದಿ ರಿಮ್ಮಿಗೆ ಕೂದಲೆಳೆಯಷ್ಟು ಮೊದಲು ತಾಗುವ ಹಾಗೆ ತಿರುಗಿಸಿದರೆ ನನ್ನದು ಸುಮ್ಮನಾಯಿತು. ಮ್ಯಾಕ್ಸಿ-ಕಾರ್ ಹಬ್ ಇರುವ ಸೈಕಲ್ ಸಿಕ್ಕರೆ ಇನ್ನೂರು ಮುನ್ನೂರು ಯೂರೋ ಹೆಚ್ಚಾದರೂ ಬಿಡಬೇಡಿ. ಚೈನ್ ಕಡೆಯ ಕಡ್ಡಿ ಮುರಿದರೆ ಫ್ರೀವೀಲ್ ಬಿಚ್ಚದೆ, ದಾರಿಯಲ್ಲೇ ಬದಲಿಸಬಹುದು. ಹಬ್ಬಿನ ತೂತುಗಳನ್ನೇ ಹಾಗೆ ಕೊರೆದಿದ್ದಾರೆ.

ಕೊಳ್ಳುವ ಮುನ್ನ ಫೋರ್ಕನ್ನು ಪಕ್ಕದಿಂದ ನೋಡಿ. ಹಿಂದಕ್ಕೆ ಸರಿದಿದ್ದರೆ, ಕೆಳ ಕೊಳವೆಯ ಅಡಿ, ಹ್ಯಾಂಡಲ್ ಕೂರುವ ತಲೆಕೊಳವೆಯ ಹತ್ತಿರ ಬಣ್ಣ ಸುಕ್ಕಾಗಿದ್ದರೆ, ಎದುರಿಗೆ ಗುದ್ದಿಸಿಕೊಂಡ ಸೈಕಲ್ ಅದು. ಎಷ್ಟೇ ದೊಡ್ಡ ಹೆಸರಿದ್ದರೂ ಅಲ್ಲೇ ಬಿಟ್ಟು ಬನ್ನಿ.