ಹಳೇ ರೂಟರ್‌ನ ಕೊಟ್ಟಿಗೆ ಪಕ್ಕ ಹಾಕಿ ಒಂದೂವರೆ ವರ್ಷ ಆಯ್ತು

ನಮ್ದು ಕೋಲಾರದ ಹತ್ರ ಹಳ್ಳಿ, ತಾತನ ಕಾಲದ ಮನೆ, ಎರಡಡಿ ದಪ್ಪ ಕಲ್ಲಿನ ಗೋಡೆ. ಫೈಬರ್ ಬಂದಿರೋದು ಮುಂದಿನ ರೂಮಿಗೆ, ಅಡುಗೆಮನೆ ದಾಟೋಷ್ಟ್ರಲ್ಲಿ ಸಿಗ್ನಲ್ ಹೋಗ್ಬಿಡ್ತಿತ್ತು. ನಮ್ಮಪ್ಪ ಬೆಳಿಗ್ಗೆ ಕೂತ್ಕೊಳ್ಳೋದು ಹಿಂದೆ ಕೊಟ್ಟಿಗೆ ಹತ್ರ.

ಮೊದ್ಲು 1,400 ಕೊಟ್ಟು ಪ್ಲಗ್ಗಿಗೆ ಚುಚ್ಚೋ ಎಕ್ಸ್‌ಟೆಂಡರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸೋ ಡಬ್ಬಿ) ತಂದೆ. ಕಡ್ಡಿ ಫುಲ್ ತೋರ್ಸೋದು, ವಿಡಿಯೋ ಮಾತ್ರ ಸುತ್ತುತ್ತಾನೇ ಇರೋದು. 100 ಎಂಬಿಪಿಎಸ್ ಪ್ಲಾನು, ಅಲ್ಲಿ ಸಿಗ್ತಿದ್ದಿದ್ದು 12. ಒಂದೇ ರೇಡಿಯೋ ಈ ಕಡೆ ಕೇಳಿಸ್ಕೊಂಡು ಆ ಕಡೆ ತಿರ್ಗಾ ಹೇಳ್ಬೇಕಲ್ಲ, ಅರ್ಧ ಸ್ಪೀಡ್ ಅದ್ರಲ್ಲೇ ಹೋಗುತ್ತೆ, ಮೇಲೆ ಕಲ್ಲಿನ ಗೋಡೆ ಬೇರೆ. ದುಡ್ಡು ದಂಡ ಆಯ್ತು ಅಂತ ಈಗ್ಲೂ ಹೊಟ್ಟೆ ಉರಿಯುತ್ತೆ.

ಆಮೇಲೆ ಅಟ್ಟದ ಮೇಲಿದ್ದ ಹಳೇ ರೂಟರ್ ಇಳಿಸ್ದೆ. ಖರ್ಚು ಅಂದ್ರೆ 35 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ಲು, ಪೈಪು, ಎಲ್ಲಾ ಸೇರಿ 1,100 ಆಯ್ತು. ಮುಂದಿನ ರೂಟರಿನ ಐಪಿ, ಅಂದ್ರೆ ನೆಟ್‌ವರ್ಕಲ್ಲಿ ಅದ್ರ ಅಡ್ರೆಸ್, 192.168.1.1, ಹಳೇದಕ್ಕೆ 192.168.1.2 ಅಂತ ಕೊಟ್ಟು, ಅದ್ರ ಡಿಎಚ್‌ಸಿಪಿ (ಫೋನ್‌ಗಳಿಗೆ ಐಪಿ ಅಡ್ರೆಸ್ ಹಂಚೋ ಕೆಲಸ) ಆಫ್ ಮಾಡಿ, ಮುಂದಿನ ರೂಟರಿಂದ ಎಳೆದ ಕೇಬಲ್ನ ಹಳೇದ್ರ ವ್ಯಾನ್ ಪೋರ್ಟ್ (ಹೊರಗಿನ ಇಂಟರ್ನೆಟ್ ಲೈನ್ ಹಾಕೋದು) ಬಿಟ್ಟು ಲ್ಯಾನ್ ಪೋರ್ಟಿಗೇ (ಮನೆ ಒಳಗಿನ ಕಂಪ್ಯೂಟರ್ ಹಾಕೋದು) ಚುಚ್ಚಿದೆ. ವೈಫೈ ಹೆಸ್ರು ಪಾಸ್‌ವರ್ಡು ಎರಡಕ್ಕೂ ಒಂದೇ, ಚಾನೆಲ್ ಮಾತ್ರ ಒಂದಕ್ಕೊಂದು ಅಡ್ಡ ಬರದಂಗೆ ಮುಂದಿಂದು 1, ಹಿಂದಿಂದು 11. ಹಳೇ ರೂಟರಿನ ಪೋರ್ಟೇ 100 ಎಂಬಿಪಿಎಸ್‌ದು, ಅದ್ಕೆ ಕೇಬಲ್ಲಲ್ಲಿ ಲ್ಯಾಪ್‌ಟಾಪ್ ಹಾಕಿ ನೋಡಿದ್ರೆ 93 ಬಂತು, ನಮ್ಗೆ ಅದು ಧಾರಾಳ.

ಹೋದ ಮಳೆಗಾಲದಲ್ಲಿ ಒಂದಿನ ಇಡೀ ಮನೇಲಿ ವೈಫೈ ಕನೆಕ್ಟ್ ಆಗಿದೆ ಆದ್ರೆ ನೆಟ್ ಇಲ್ಲ. ಲೈನ್ ಕಟ್ಟಾಗಿದೆ ಅಂತ ಕಂಪ್ಲೇಂಟ್ ಕೊಟ್ಟೂ ಆಯ್ತು. ರಾತ್ರಿ 9ಕ್ಕೆ ಫೋನಿನ ಐಪಿ ನೋಡಿದ್ರೆ 192.168.1 ಅಂತ ಇರೋ ಬದ್ಲು 192.168.0 ಅಂತ ಶುರುವಾಗ್ತಿದೆ! ಅಕ್ಕನ ಮಗ ಹಿಂದಿನ ರೂಟರಿನ ರಿಸೆಟ್ ಬಟನ್ನಿಗೆ ಕಡ್ಡಿ ಹಾಕಿ ಒತ್ತಿದ್ದಾನೆ, ಡಿಎಚ್‌ಸಿಪಿ ತಿರ್ಗಾ ಆನ್ ಆಗಿ ಅದೂ ಅಡ್ರೆಸ್ ಹಂಚೋಕೆ ಶುರು ಮಾಡಿದೆ, ಫೋನ್‌ಗಳೆಲ್ಲ ಅದನ್ನೇ ನಂಬ್ಕೊಂಡು ಕೂತಿದಾವೆ. ಹತ್ತು ನಿಮಿಷದಲ್ಲಿ ಸರಿಯಾಯ್ತು. ನೀವೂ ಹಾಕ್ಸಿದ್ರೆ ಮಕ್ಕಳ ಕೈಗೆ ಎಟುಕದಂಗೆ ಎತ್ತರಕ್ಕೆ ಹಾಕಿ.

ಇನ್ನೊಂದು ತೊಂದ್ರೆ ಪೂರ್ತಿ ಹೋಗಿಲ್ಲ. ಯಾವ ರೂಟರ್ ಹಿಡ್ಕೋಬೇಕು ಅನ್ನೋದು ಫೋನಿನ ತೀರ್ಮಾನ, ಅದು ಮುಂದಿನ ರೂಮಿನದನ್ನೇ ಕಚ್ಕೊಂಡು ಬರುತ್ತೆ. ಮುಂದಿನದರ ಸಿಗ್ನಲ್ ಪವರ್ ಸ್ವಲ್ಪ ಕಮ್ಮಿ ಮಾಡಿದ್ಮೇಲೆ ವಾಸಿ. ಆದ್ರೂ ಅಪ್ಪಂಗೆ ಇದು ರೂಢಿ ಆಗೋಗಿದೆ, ಡೈರಿಗೆ ಹಾಲು ಹಾಕಿ ಬಂದು, ಕ್ಯಾನ್ ಬೋರಲು ಹಾಕಿ, ಕೈ ಒರೆಸ್ಕೊಂಡು, ವೈಫೈ ಒಂದ್ಸಲ ಆಫ್ ಮಾಡಿ ಆನ್ ಮಾಡಿ, ಆಮೇಲೇ ಕಾಫಿ ಲೋಟ ಎತ್ಕೊಳ್ಳೋದು. ಎಪಿಎಂಸೀಲಿ ಟೊಮೆಟೊ 15 ಕೆಜಿ ಬಾಕ್ಸು ಎಷ್ಟಕ್ಕೆ ಹೋಯ್ತು ಅಂತ ಅಲ್ಲೇ ನೋಡಿ, ಅಡುಗೆಮನೇಲಿರೋ ಅಮ್ಮಂಗೆ ಕೂಗಿ ಹೇಳ್ತಾರೆ. ಮುಂಚೆ ಇದಕ್ಕೋಸ್ಕರ ಫೋನ್ ಹಿಡ್ಕೊಂಡು ಬೀದಿ ಬಾಗಿಲಿಗೆ ಬಂದು ನಿಂತ್ಕೊಳ್ತಿದ್ರು, ಮಂಡಿ ನೋವಲ್ಲಿ. ಅದೊಂದು ತಪ್ಪಿದ್ದಕ್ಕೇ ನಂಗೆ ಈ 1,100 ಸಾರ್ಥಕ.

ಮೊನ್ನೆ ಅವರೇ ಕೇಳಿದ್ರು, ಬೋರ್ ಹತ್ರಕ್ಕೂ ಒಂದು ಹಾಕೋಕಾಗುತ್ತೇನೋ ಅಂತ. ಅಳೆದು ನೋಡ್ದೆ, ಕೊಟ್ಟಿಗೆಯಿಂದ 70 ಮೀಟರ್, ಕ್ಯಾಟ್ 6 ಲೆಕ್ಕ 100 ಮೀಟರ್ ಒಳಗೇ ಬರುತ್ತೆ. ರಾಗಿ ಕೊಯ್ಲು ಮುಗಿದ್ಮೇಲೆ ಪೈಪ್ ಹೂಳ್ಬೇಕು.