ಡೆಕ್ಸ್ಟರ್: ಡೆಬ್‌ಗೆ ಇಂಥ ಸಾವು ಬೇಕಿರಲಿಲ್ಲ

‘ಡೆಕ್ಸ್ಟರ್’ ಅಮೆರಿಕದ ಟಿವಿ ಸರಣಿ; ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡುತ್ತಲೇ ಗುಟ್ಟಾಗಿ ಕೊಲೆಗಾರರನ್ನು ಕೊಲ್ಲುವ ಡೆಕ್ಸ್ಟರ್‌ನ ಕಥೆ. ಅದರ ಕೊನೆ ಏನಾಗುತ್ತೆ ಅಂತ ಹೇಳಲೇಬೇಕಾಗಿದೆ. ಇನ್ನೂ ನೋಡದವರು ಓದಬೇಡಿ.

ನಾನು ಐಸಿಯು ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು, ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ದಿನಕ್ಕೊಂದರಂತೆ 96 ಎಪಿಸೋಡ್ ನೋಡಿ ಮುಗಿಸಿದೆ. 2013ರಲ್ಲಿ ಬಂದ ಆ ಕೊನೆಯ ಎಪಿಸೋಡ್ ನೋಡಿದ ದಿನ ಹಗಲಲ್ಲಿ ನಿದ್ದೆಯೇ ಹತ್ತಲಿಲ್ಲ.

ಗುಂಡೇಟು ತಿಂದ ಡೆಕ್ಸ್ಟರ್‌ನ ತಂಗಿ ಡೆಬ್‌ಗೆ ಆಪರೇಷನ್ ಆಗಿ, ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಪೆಟ್ಟಾಗುತ್ತೆ. ಇದು ನಡೆಯುವಂಥದ್ದೇ, ನಾನೂ ಕಂಡಿದ್ದೇನೆ. ಆದರೆ ಚಂಡಮಾರುತ ಬರುತ್ತಿದೆ ಅಂತ ಆಸ್ಪತ್ರೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಡೆಕ್ಸ್ಟರ್ ವೆಂಟಿಲೇಟರ್ ನಿಲ್ಲಿಸಿ, ಅವಳ ದೇಹವನ್ನು ಹೊರಗೆ ತಳ್ಳಿಕೊಂಡು ಹೋಗಿ ದೋಣಿಗೆ ಹಾಕಿಕೊಳ್ಳುತ್ತಾನೆ. ಯಾರೂ ತಡೆಯುವುದಿಲ್ಲ! ಅಂಥ ಹೊತ್ತಲ್ಲೇ ನಾವು ಪೇಷಂಟ್‌ಗಳನ್ನು ಎರಡೆರಡು ಸಲ ಎಣಿಸುವುದು. ಅದನ್ನಾದರೂ ಕಥೆಗಾಗಿ ಒಪ್ಪಬಹುದು. ತಾನು ಕೊಂದವರನ್ನೆಲ್ಲ ಎಸೆದ ಅದೇ ಸಮುದ್ರಕ್ಕೆ ತಂಗಿಯನ್ನೂ ಬಿಡುತ್ತಾನಲ್ಲ, ಅದು ಒಪ್ಪಲಾಗದು. ಬಿಳಿ ಬಟ್ಟೆಯಲ್ಲಿ ಅವಳ ಮುಖ ನೀರೊಳಗೆ ಇಳಿಯುತ್ತಾ ಹೋಗುತ್ತೆ. ಅವಳಿಗೊಂದು ಅಂತ್ಯಸಂಸ್ಕಾರ ಇಲ್ಲ, ಪ್ರೀತಿಸಿದ ಕ್ವಿನ್‌ಗೆ ಕೊನೆಯ ಸಲ ಮುಖ ನೋಡುವ ಅವಕಾಶವೂ ಇಲ್ಲ.

ಇನ್ನು ಮಗ ಹ್ಯಾರಿಸನ್. ನಾನು ಪ್ರೀತಿಸಿದವರೆಲ್ಲ ನನ್ನಿಂದ ಹಾಳಾಗುತ್ತಾರೆ ಎಂಬುದು ಡೆಕ್ಸ್ಟರ್ ಕೊಡುವ ಕಾರಣ. ಹಾಗಂತ ಮಗುವನ್ನು ಒಪ್ಪಿಸುವುದು ಯಾರ ಕೈಗೆ? ವಿಷ ಹಾಕಿ ಕೊಲ್ಲುವ ತನ್ನ ಪ್ರೇಯಸಿ ಹ್ಯಾನಾಳ ಕೈಗೆ. ಡೆಬ್‌ಗೂ ಮದ್ದು ಹಾಕಿ ಕಾರ್ ಅಪಘಾತ ಮಾಡಿಸಿದವಳು ಅವಳು. ಅದನ್ನು ಮರೆತು ಡೆಬ್ ಅವಳಿಗೆ ಮನೆಯಲ್ಲಿ ಜಾಗ ಯಾಕೆ ಕೊಟ್ಟಳು ಅನ್ನುವುದೂ ನನಗೆ ಅರ್ಥವಾಗಿಲ್ಲ. ತಾಯಿಯ ರಕ್ತದ ಮಡುವಿನಲ್ಲಿ ಕೂತ ಮಗು ಮುಂದೆ ಏನಾಗುತ್ತೆ ಅಂತ ಡೆಕ್ಸ್ಟರ್‌ಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅವನ ಬಾಲ್ಯವೂ ಹಾಗೇ, ಹ್ಯಾರಿಸನ್‌ದೂ ಹಾಗೇ. ಆದರೂ ಸತ್ತಂತೆ ನಟಿಸಿ, ಎಲ್ಲೋ ಮರ ಕಡಿಯುವ ಕೆಲಸಕ್ಕೆ ಸೇರಿಕೊಳ್ಳುತ್ತಾನೆ. ಎಂಟು ಸೀಸನ್ ಉದ್ದಕ್ಕೂ ನಮ್ಮ ಕಿವಿಯಲ್ಲಿ ಮಾತಾಡಿದ ಅವನ ಒಳದನಿ ಕೊನೆಯ ಶಾಟ್‌ನಲ್ಲಿ ಒಂದಕ್ಷರವೂ ಹೇಳುವುದಿಲ್ಲ. ನಮಗೆ ಅವನ ಮಾತು ಕೇಳಿಸಬೇಕಿದ್ದದ್ದು ಆಗಲೇ.

ಐದಕ್ಕೆ ಎರಡು ಸ್ಟಾರ್. ಆ ಎರಡೂ ಡೆಬ್ ಆಗಿ ನಟಿಸಿದ ಜೆನ್ನಿಫರ್ ಕಾರ್ಪೆಂಟರ್‌ಗೆ. ನಾಲ್ಕನೇ ಸೀಸನ್‌ವರೆಗೆ ಧಾರಾಳವಾಗಿ ನೋಡಿ, ಕೊಲೆಗಾರನ ಪಾತ್ರದಲ್ಲಿ ಜಾನ್ ಲಿತ್‌ಗೋ ಇರುವ ಆ ಸೀಸನ್ ಮೈ ನಡುಗಿಸುತ್ತೆ. ಅದು ಮುಗಿಯುವ ಸ್ನಾನದ ಮನೆಯ ದೃಶ್ಯಕ್ಕೇ ಟಿವಿ ಆರಿಸಿಬಿಡಿ.