ಮಬ್ಬು ಎಕ್ಸ್‌ರೇ ಜೋಡಿಗಳ ಬೆನ್ನು ಹತ್ತಲು ಯಾವ ದೂರದರ್ಶಕ?

ಉಡುಪಿಯಲ್ಲಿ ಜೂನ್ ಬಂದರೆ ರಾತ್ರಿ ಆಕಾಶದ ಆಸೆ ಬಿಡಬೇಕು. ಹಾಲುಹಾದಿಯ ನಡುಭಾಗ ನಡುರಾತ್ರಿ ದಕ್ಷಿಣದಲ್ಲಿ ಎತ್ತರಕ್ಕೆ ಏರುವುದೂ ಅದೇ ತಿಂಗಳು. ಮೋಡ ಸರಿದರೂ ನಡುವಿನ ಧೂಳು ಅಲ್ಲಿಯ ಬೆಳಕನ್ನು ನುಂಗಿಬಿಡುತ್ತದೆ. ಎಕ್ಸ್‌ರೇ ಆ ಧೂಳನ್ನು ದಾಟಿ ಬರುತ್ತದೆ, ನಮ್ಮ ವಾತಾವರಣವನ್ನು ಮಾತ್ರ ದಾಟುವುದಿಲ್ಲ. ಹಾಗಾಗಿ ಕಳೆದ ಮಳೆಗಾಲವಿಡೀ ಬಾಹ್ಯಾಕಾಶ ದೂರದರ್ಶಕಗಳ ಹಳೆಯ ಡೇಟಾ ಇಳಿಸಿಕೊಂಡು ಕೂತೆ. ಎಲ್ಲವೂ ಉಚಿತವಾಗಿಯೇ ಸಿಗುತ್ತದೆ.

ಹುಡುಕಿದ್ದು ಎಎಕ್ಸ್ ಜೆ1745.6-2901 ಎಂಬ ಜೋಡಿಯನ್ನು. ಒಂದು ನ್ಯೂಟ್ರಾನ್ ನಕ್ಷತ್ರ (ಸತ್ತ ದೊಡ್ಡ ನಕ್ಷತ್ರದಿಂದ ಉಳಿದ ದಟ್ಟ ತಿರುಳು), ಅದಕ್ಕೆ ಅನಿಲ ಕೊಡುವ ಒಂದು ಸಂಗಾತಿ. ಅನಿಲ ಸುತ್ತಲಿನ ತಟ್ಟೆಯಲ್ಲಿ ಸೇರುತ್ತಾ ಹೋಗಿ, ಒಂದು ದಿನ ರಭಸವಾಗಿ ಒಳಗೆ ಬೀಳತೊಡಗುತ್ತದೆ. ಆಗ ಭುಗಿಲೇಳುತ್ತದೆ. 2006ರ ಭುಗಿಲು ಮಬ್ಬಾಗಿತ್ತು. ಮಬ್ಬು ಅಂದರೂ ನಮ್ಮ ಸೂರ್ಯನ ಒಟ್ಟು ಬೆಳಕಿಗಿಂತ ಎಷ್ಟೋ ಪಟ್ಟು ಜಾಸ್ತಿ!

ಮೊದಲು ಮ್ಯಾಕ್ಸಿ. 2009ರಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಜಪಾನಿನ ಉಪಕರಣ ಇದು. ಸುಮಾರು ಒಂದೂವರೆ ಗಂಟೆಗೊಮ್ಮೆ ಹೆಚ್ಚುಕಡಿಮೆ ಇಡೀ ಆಕಾಶ ನೋಡುತ್ತದೆ. ಆದರೆ ಮಬ್ಬು ಮೂಲ ಅದಕ್ಕೆ ಸಿಗುವುದಿಲ್ಲ. ನಡುಭಾಗದ ಗುಂಪಿನಲ್ಲಿ ಎಲ್ಲವೂ ಕಲಸಿಹೋಗುತ್ತದೆ. ನಮ್ಮದೇ ಇಸ್ರೋ ಉಪಗ್ರಹ ಆಸ್ಟ್ರೋಸ್ಯಾಟ್ ಮೇಲೆ ನನಗೆ ತುಂಬಾ ಪ್ರೀತಿ, ಆದರೂ ಈ ಕೆಲಸಕ್ಕೆ ಅದು ಹೊಂದುವುದಿಲ್ಲ. ಈ ಜೋಡಿ ಹಾಲುಹಾದಿಯ ನಡುವಿನ ಕಪ್ಪುಕುಳಿಯಿಂದ ಒಂದೂವರೆ ಆರ್ಕ್‌ಮಿನಿಟ್ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವೇ ಆರ್ಕ್‌ಮಿನಿಟ್) ದೂರದಲ್ಲಷ್ಟೇ ಕಾಣುತ್ತದೆ. ಅಷ್ಟು ಹತ್ತಿರದ ಎರಡನ್ನು ಅದರ ಎಕ್ಸ್‌ರೇ ದೂರದರ್ಶಕ ಬೇರೆ ಮಾಡಲಾರದು.

ನಾಸಾದ ಸ್ವಿಫ್ಟ್ ದೂರದರ್ಶಕದ ಡೇಟಾ ನೋಡಿದ ಮೇಲೆ ನನ್ನ ಲೆಕ್ಕವೇ ಬದಲಾಯಿತು. 2006ರಿಂದ ಅದು ಈ ಜಾಗವನ್ನು ಹೆಚ್ಚುಕಡಿಮೆ ದಿನಾ ನೋಡುತ್ತಾ ಬಂದಿದೆ, ಒಂದು ಸಲಕ್ಕೆ ಸುಮಾರು 1000 ಸೆಕೆಂಡ್. ಒಂದು ದಿನದ ಚಿತ್ರ ತೆರೆದರೆ ನಾಲ್ಕಾರು ಚುಕ್ಕೆ, ಅಷ್ಟೇ. ಇದರಲ್ಲಿ ಏನಿದೆ ಅನಿಸುತ್ತದೆ. ಆದರೆ ತಿಂಗಳುಗಳನ್ನು ಸಾಲಾಗಿ ಜೋಡಿಸಿ ಹೊಳಪಿನ ಗೆರೆ ಎಳೆದಾಗ ಕಥೆ ಕಾಣತೊಡಗಿತು. 2006ರಲ್ಲಿ ಕೆಲವು ತಿಂಗಳು ಉರಿದು ಆರಿತು. 2007ರಲ್ಲಿ ಮತ್ತೆ ಹತ್ತಿಕೊಂಡು ಸುಮಾರು ಒಂದೂವರೆ ವರ್ಷ ಉರಿಯಿತು. ಆ ಗೆರೆ ಮೇಲೇರಿದ್ದನ್ನು ನೋಡಿ ಮಧ್ಯರಾತ್ರಿ ಮನೆಯವರನ್ನು ಎಬ್ಬಿಸಿ ತೋರಿಸಿದೆ.

ಪ್ರತಿ ವರ್ಷ ನವೆಂಬರ್‌ನಿಂದ ಗೆರೆಯಲ್ಲಿ ಒಂದು ಖಾಲಿ ಜಾಗ. ಮಠದಲ್ಲಿ ಧನುರ್ಮಾಸದ ಪೂಜೆ ಶುರುವಾಗುವ ಹೊತ್ತಿಗೆ ಸೂರ್ಯ ಹಾಲುಹಾದಿಯ ನಡುಭಾಗದ ಪಕ್ಕದಲ್ಲೇ ಇರುತ್ತಾನೆ. ಅದರ ಹಿಂದೆಮುಂದೆ ಸ್ವಿಫ್ಟ್ ಆ ಕಡೆ ತಿರುಗುವಂತಿಲ್ಲ. ಆ ದಿನಗಳಲ್ಲಿ ಯಾವುದಾದರೂ ಭುಗಿಲೆದ್ದು ಆರಿದರೆ ತಪ್ಪಿಹೋಯಿತು ಅಂತಲೇ ಲೆಕ್ಕ.

ನಾಸಾದ ಇನ್ನೊಂದು ಎಕ್ಸ್‌ರೇ ದೂರದರ್ಶಕ ‘ಚಂದ್ರ’ದ ಚಿತ್ರ ನೋಡಲು ಎಷ್ಟು ಚೆಂದ! ಅರ್ಧ ಆರ್ಕ್‌ಸೆಕೆಂಡಿನ (ಆರ್ಕ್‌ಮಿನಿಟ್‌ನ ಅರವತ್ತನೇ ಒಂದು ಭಾಗವೇ ಆರ್ಕ್‌ಸೆಕೆಂಡ್) ಸ್ಪಷ್ಟತೆ. ಅದರ ಬೆಲೆ ಗೊತ್ತಾಗುವುದು 2013ರ ಏಪ್ರಿಲ್‌ನ ಘಟನೆಯಲ್ಲಿ. ಸ್ವಿಫ್ಟ್‌ಗೆ ನಡುಭಾಗ ಇದ್ದಕ್ಕಿದ್ದಂತೆ ಹೊಳೆದದ್ದು ಕಂಡಿತು. ಕಪ್ಪುಕುಳಿಯೇ ಉರಿಯಿತೇನೋ ಅನಿಸುವಂತಿತ್ತು. ಹೊಳೆದದ್ದು ಅದರಿಂದ 2.4 ಆರ್ಕ್‌ಸೆಕೆಂಡ್ ಪಕ್ಕದ ಒಂದು ಮ್ಯಾಗ್ನೆಟಾರ್ (ಅತಿ ಬಲವಾದ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರ) ಎಂದು ಬೇರ್ಪಡಿಸಿ ತೋರಿಸಿದ್ದು ಚಂದ್ರ. ಸ್ವಿಫ್ಟ್‌ನಿಂದ ಅದು ಸಾಧ್ಯವೇ ಇರಲಿಲ್ಲ. ಆದರೆ ಚಂದ್ರ ದಿನಾ ಅಲ್ಲಿಗೆ ಬರುವುದಿಲ್ಲ, ಅಲ್ವಾ?

ಯುರೋಪಿನ ಎಕ್ಸ್‌ರೇ ದೂರದರ್ಶಕ ಎಕ್ಸ್‌ಎಂಎಂ-ನ್ಯೂಟನ್ ನನ್ನನ್ನು ಸತಾಯಿಸಿತು. ಫೈಲುಗಳು ದೊಡ್ಡವು. ಸೂರ್ಯನಿಂದ ಬರುವ ಪ್ರೋಟಾನ್ ಕಣಗಳ ಗದ್ದಲ ಬಂದ ಹೊತ್ತನ್ನು ಕತ್ತರಿಸಿದರೆ ಅರ್ಧ ಡೇಟಾ ಕೈಬಿಟ್ಟಿತು. ಉಳಿದದ್ದು ಮಾತ್ರ ಬಂಗಾರ. ಇದರ ಕನ್ನಡಿಗಳು ಹೆಚ್ಚು ಬೆಳಕು ಹಿಡಿಯುತ್ತವೆ, ಕಕ್ಷೆ ಸುಮಾರು ಎರಡು ದಿನದ್ದು. ಹಾಗಾಗಿ ತಾಸುಗಟ್ಟಲೆ ಒಂದೇ ಕಡೆ ನೋಡಬಹುದು. ನನ್ನ ಜೋಡಿಯಲ್ಲಿ 8.4 ಗಂಟೆಗೊಮ್ಮೆ ಸಂಗಾತಿ ಅಡ್ಡ ಬಂದು ಗ್ರಹಣ ಆಗುತ್ತದೆ. ಗ್ರಹಣದಲ್ಲಿ ಹೊಳಪಿನ ಗೆರೆ ಕುಸಿಯುವ ಆ ಗುಂಡಿ ಕಣ್ಣಿಗೆ ನೇರವಾಗಿ ಕಂಡದ್ದು ಇಲ್ಲಿ.

ಭುಗಿಲು ಯಾವಾಗ ಎದ್ದಿತು ಎಂದು ಗೊತ್ತಿಲ್ಲದಿದ್ದರೆ ಚಂದ್ರ, ಎಕ್ಸ್‌ಎಂಎಂ ಎರಡನ್ನೂ ಎಲ್ಲಿ, ಯಾವಾಗ ತಿರುಗಿಸುವುದು? ನನಗೆ ಒಂದನ್ನೇ ಆರಿಸು ಅಂದರೆ ಸ್ವಿಫ್ಟ್. ಮುಂದಿನ ಮಳೆಗೆ ಜಿಆರ್‌ಎಸ್ 1741.9-2853 ಎಂಬ ಇನ್ನೊಂದು ಜೋಡಿ ಹಿಡಿಯಬೇಕೆಂದಿದ್ದೇನೆ. ಅದೂ ಸ್ವಿಫ್ಟ್ ದಿನಾ ನೋಡುವ ಅದೇ ಚೌಕದೊಳಗಿದೆ.